ಶುಕ್ರವಾರ ದೀಪ ಹಚ್ಚಿದ ಮೇಲೆ ಇಳಿಸಿಕೊಂಡ ಪಾಠಗಳು

ಹೆಸರು: ದಾಕ್ಷಾಯಣಿ. ವಯಸ್ಸು: 43 ವರ್ಷ. ಕೆಲಸ: ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಉಪನ್ಯಾಸಕಿ. ವಾಸ: ವಿದ್ಯಾನಗರ, ಶಿವಮೊಗ್ಗ.

ನನ್ನ ಮೇಲೆ ಕೊಟ್ಟಿರುವ ದೂರಿನ ಬಗ್ಗೆ ಭದ್ರಾವತಿಯ ಈ ಠಾಣೆಗೆ ಹಾಜರಾಗಿ ನಾನು ತಿಳಿಸುವುದೇನೆಂದರೆ, ಯಾರ ಮನೆಯಿಂದಲೂ ನಾನು ಏನನ್ನೂ ಕದ್ದಿರುವುದಿಲ್ಲ. ಇದನ್ನು ಮಧ್ಯಾಹ್ನದಿಂದ ಹೇಳಿ ಹೇಳಿ ಸಾಕಾಗಿದೆ. ಆದರೂ ಮೊದಲು ಇದನ್ನೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಭದ್ರಾವತಿಯ ಜಲಜಮ್ಮನವರು ನನ್ನ ಸಂಗೀತದ ಗುರುಗಳು. ಹನ್ನೊಂದು ವರ್ಷ ಅವರ ಬಳಿ ಕಲಿತಿರುತ್ತೇನೆ. ಶಿಷ್ಯರಿಗೆ ಹೇಳಿಕೊಟ್ಟ ಪಾಠಗಳನ್ನೆಲ್ಲ ಅವರು ರೆಕಾರ್ಡ್ ಮಾಡಿಸಿ ಇಡುತ್ತಿದ್ದರು. ಅವರ ಮಗ ವಿಷ್ಣುಪ್ರಸಾದರು ಅವನ್ನು ಮನೆಯ ಹಳೇ ಕಂಪ್ಯೂಟರಿನಲ್ಲಿ ಹಾಕಿ, ಒಂದೊಂದಕ್ಕೂ ಒಂದು ವೆಬ್ ವಿಳಾಸ ಕೊಟ್ಟು, ಶಿಷ್ಯರು ತಮ್ಮ ಮನೆಯಿಂದಲೇ ಕೇಳುವಂತೆ ಮಾಡಿದ್ದರು. ಗುರುಗಳು ಕಳೆದ ತಿಂಗಳು ತೀರಿಕೊಂಡರು. ಆ ಪಾಠಗಳು ಬೇರೆಲ್ಲೂ ಇರಲಿಲ್ಲ.

ವಿಷ್ಣುಪ್ರಸಾದರು ಕುಂಸಿಯಲ್ಲಿ ಮೇಷ್ಟರಾಗಿದ್ದು, ವಾರವಿಡೀ ಅಲ್ಲೇ ಇರುತ್ತಾರೆ. ಕಳೆದ ಶುಕ್ರವಾರ ನನಗೆ ಫೋನ್ ಮಾಡಿ, ಕಂಪ್ಯೂಟರ್ ಗರಗರ ಸದ್ದು ಮಾಡುತ್ತಿದೆ, ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ, ಪಾಠಗಳನ್ನೆಲ್ಲ ಇವತ್ತೇ ಇಳಿಸಿಕೊಂಡುಬಿಡಿ ಎಂದು ತಾವಾಗಿಯೇ ಹೇಳಿದರು. ಭದ್ರಾವತಿಯ ಮನೆಯಲ್ಲಿದ್ದ ಹೆಂಡತಿಗೆ ಮಾತ್ರ ಹೇಳಿರಲಿಲ್ಲ. ಹೇಳಿದ್ದರೆ ನಾನು ಇವತ್ತು ಇಲ್ಲಿ ಕೂರಬೇಕಾಗಿರಲಿಲ್ಲ.

ಸಂಜೆ ನಾಲ್ಕಕ್ಕೆ ನನ್ನ ಮನೆಯಲ್ಲಿ ಕೂತು ಪೈಥಾನ್ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆದೆನು. ವೆಬ್ ವಿಳಾಸ ಕೊಟ್ಟರೆ ಅಲ್ಲಿರುವ ಕಡತದ ಪ್ರತಿಯನ್ನು ತಂದುಕೊಡುವ ಲೈಬ್ರರಿಯೊಂದು ಆ ಭಾಷೆಯಲ್ಲಿದೆ. ಲೈಬ್ರರಿ ಎಂದರೆ ಪುಸ್ತಕದ ಕೋಣೆಯಲ್ಲ, ಬೇರೆಯವರು ಮೊದಲೇ ಬರೆದಿಟ್ಟು ಎಲ್ಲರಿಗೂ ಬಳಸಲು ಬಿಟ್ಟಿರುವ ಪ್ರೋಗ್ರಾಂ. ಇದನ್ನೂ ಠಾಣೆಯಲ್ಲಿ ಮೂರು ಸಲ ಹೇಳಿ ಬಾಯಿ ಒಣಗಿದೆ. ಹಳೇ ಯಂತ್ರಕ್ಕೆ ಆಯಾಸವಾಗದಿರಲೆಂದು, ಒಂದು ಪಾಠ ಬಂದ ಮೇಲೆ ಸ್ವಲ್ಪ ತಡೆದು ಮುಂದಿನದನ್ನು ಕೇಳುವಂತೆ ಮಾಡಿದ್ದೆನು. ಹಳೆಯವು ಮೊದಲು, ಹೊಸವು ಆಮೇಲೆ, ಒಂದೊಂದಾಗಿ ಬರುತ್ತಿದ್ದವು.

ಆರೂವರೆಗೆ ವಿಷ್ಣುಪ್ರಸಾದರ ಹೆಂಡತಿ ಸುಬ್ಬಲಕ್ಷ್ಮಿಯವರ ಫೋನ್ ಬಂತು. ಕಂಪ್ಯೂಟರಿನ ಲೈಟ್ ಒಂದೇ ಸಮ ಮಿಣುಕುತ್ತಿದೆಯಲ್ಲ ಎಂದು ಗಂಡನನ್ನು ಕೇಳಿದ್ದಕ್ಕೆ, ಅವರು ನನ್ನ ಹೆಸರು ಹೇಳಿದರಂತೆ. ಪಾಠಗಳು ನನ್ನ ಕಡೆ ಬರುತ್ತಿವೆ, ಇನ್ನು ಒಂದೇ ಬಾಕಿ ಎಂದೆನು. ಅದಕ್ಕೆ ಅವರು, “ಶುಕ್ರವಾರ ದೀಪ ಹಚ್ಚಿದ್ ಮೇಲೆ ನಮ್ಮನೇಲಿ ಮೊಸರಿನ ಹೆಪ್ಪು ಕೂಡ ಯಾರಿಗೂ ಕೊಡಲ್ಲ. ಅತ್ತೆ ಇದ್ದಾಗಿಂದ್ಲೂ ಹಾಗೇ. ನಾಳೆ ಬೆಳಿಗ್ಗೆ ತಗೊಳ್ಳಿ” ಎಂದರು.

ಇದು ಹೆಪ್ಪಲ್ಲ, ನನಗೆ ಬಂದರೆ ನಿಮ್ಮಲ್ಲಿ ಒಂದಿಷ್ಟೂ ಕಡಿಮೆಯಾಗುವುದಿಲ್ಲ, ಹತ್ತೇ ನಿಮಿಷ ಸುಮ್ಮನಿರಿ ಎಂದು ಬೇಡಿಕೊಂಡೆನು. ಹೊರಗೆ ಹೋಗುತ್ತಿರುವುದು ನಿಜ ತಾನೇ ಎಂದು ಕೇಳಿ ಪ್ಲಗ್ ಕಿತ್ತೇಬಿಟ್ಟರು. ನನ್ನ ಪರದೆಯ ಮೇಲೆ ಕೊನೆಯ ಪಾಠ ಅಪೂರ್ಣ ಎಂದು ಬಂದಿತು. ಹಣೆ ಹಣೆ ಚಚ್ಚಿಕೊಳ್ಳುವಂತಾಯಿತು.

ಮಾರನೇ ದಿನ ಆ ಕಂಪ್ಯೂಟರ್ ಆನ್ ಆಗಲಿಲ್ಲ. ಒಳಗಿನ ಡಿಸ್ಕ್ ಹೋಗಿದೆ, ಏನೂ ಸಿಗುವುದಿಲ್ಲ ಎಂದು ರಿಪೇರಿಯವರು ಹೇಳಿದರು. ನಾನೇ ಎಲ್ಲ ಖಾಲಿ ಮಾಡಿಕೊಂಡು ಹೋದೆನೆಂದು ಸುಬ್ಬಲಕ್ಷ್ಮಿಯವರು ದೂರು ಕೊಟ್ಟರು. ಇಳಿಸಿಕೊಳ್ಳಲು ಹೇಳಿದ್ದು ತಾನೇ ಎಂದು ಗಂಡ ಹೇಳಿದರೂ ಕೇಳಲಿಲ್ಲ. ಪ್ರತಿ ಕೊಡುತ್ತೇನೆಂದರೆ ಪ್ರತಿ ಬೇಡ, ಅಸಲೇ ಬೇಕು, ನನ್ನ ಹತ್ತಿರ ಒಂದೂ ಉಳಿಯಬಾರದು, ಎಲ್ಲ ಅಳಿಸಿಹಾಕಬೇಕು ಎಂದು ಪಟ್ಟು ಹಿಡಿದರು. ಅದರಲ್ಲಿ ಹನ್ನೊಂದು ವರ್ಷ ನನ್ನನ್ನು ಬೈದು, ತಿದ್ದಿ, ಹಾಡಿಸಿದ ಧ್ವನಿಯಿದೆ. ಪ್ರಾಣ ಹೋದರೂ ಅಳಿಸುವುದಿಲ್ಲ ಎಂದೆನು.

ಈ ದಿನ ಠಾಣೆಯಲ್ಲಿ ಹೆಡ್ ಕಾನ್ಸ್‌ಟೇಬಲ್ ಕೃಷ್ಣಪ್ಪನವರು, ನಾನು ತಂದ ಮೇಲೆ ಪಾಠಗಳು ಅಲ್ಲಿ ಇರುವುದಾದರೂ ಹೇಗೆ ಎಂದು ಕೇಳಿದರು. ನನ್ನ ಹೇಳಿಕೆಯಲ್ಲಿ ಅವರು ‘ಕಡತಗಳನ್ನು ತೆಗೆದುಕೊಂಡು ಹೋಗಿರುತ್ತೇನೆ’ ಎಂದು ಬರೆದದ್ದನ್ನು ಎರಡು ಸಲ ಹೊಡೆದುಹಾಕಿಸಿದೆನು. ಕೊನೆಗೆ ತಾಳ್ಮೆ ಕೆಟ್ಟು ಸುಬ್ಬಲಕ್ಷ್ಮಿಯವರನ್ನೇ ಕೇಳಿದೆನು: “ನಿಮ್ಮತ್ತೆ ನನಗೆ ಹಾಡು ಹೇಳಿಕೊಟ್ರಲ್ಲ, ಕೊಟ್ಟ ಮೇಲೆ ಅವರಿಗೆ ಮರೆತುಹೋಯ್ತಾ?”

ಅದಕ್ಕೆ ಅವರು, ತಮ್ಮ ಮಗಳು ಗಗನಾಳ ಪಾಠ ಇದೆಯೇ ಎಂದು ಕೇಳಿದರು. ಗುರುಗಳು ತೀರಿಕೊಳ್ಳುವ ವಾರದಲ್ಲಿ ಮೊಮ್ಮಗಳಿಗೆ ಹೇಳಿಕೊಟ್ಟ ಪಾಠವದು. ಕೊನೆಯ ಪಾಠ ಅದೇ. ಲ್ಯಾಪ್‌ಟಾಪಿನಲ್ಲಿ ಕೇಳಿಸಿದೆನು. ಅಜ್ಜಿ ಒಂದು ಸಾಲು ಹಾಡುತ್ತಾರೆ, ಮಗು ತಪ್ಪು ಹಾಡುತ್ತದೆ, ಅಜ್ಜಿ ನಕ್ಕು “ಇನ್ನೊಂದ್ಸಲ ಹೇಳು ಪುಟ್ಟಾ” ಎನ್ನುತ್ತಾರೆ. ಅಲ್ಲಿಗೆ ನಿಂತುಹೋಗುತ್ತದೆ.

ಮುಂದಿನದು ಎಲ್ಲಿ ಎಂದು ಕೇಳಿದರು. ಒಂದು ವಾರದ ಸಿಟ್ಟು ನಾಲಿಗೆಯ ತುದಿಯಲ್ಲಿತ್ತು. ಅಲ್ಲಿಗೇ ಪ್ಲಗ್ ಕಿತ್ತಿದ್ದು ಎಂದಷ್ಟೇ ಹೇಳಿದೆನು. ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು. ನನಗೂ ಅಳು ಬಂತು, ಸಿಟ್ಟು ಹೋಗಲಿಲ್ಲ. ಆಮೇಲೆ ಅವರು, “ಇದ್ದಷ್ಟು ಕೊಡಿ. ನಿಮ್ಮ ಹತ್ರಾನೂ ಇರ್ಲಿ” ಎಂದರು.

ಈ ದಿನವೂ ಶುಕ್ರವಾರ. ಸಂಜೆ ಆರೂ ಮುಕ್ಕಾಲಕ್ಕೆ, ಠಾಣೆಯ ದೇವರ ಪಟಕ್ಕೆ ಕೃಷ್ಣಪ್ಪನವರು ದೀಪ ಹಚ್ಚಿದ ಮೇಲೆ, ಎಲ್ಲ ಪಾಠಗಳನ್ನೂ ಪೆನ್‌ಡ್ರೈವ್‌ಗೆ ಹಾಕಿ ಸುಬ್ಬಲಕ್ಷ್ಮಿಯವರ ಕೈಗೆ ಕೊಟ್ಟಿರುತ್ತೇನೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಕೊಟ್ಟ ಮೇಲೂ ಅಷ್ಟೂ ನನ್ನಲ್ಲಿವೆ. ಗಗನಾಳ ಪಾಠ ಮಾತ್ರ ಇಬ್ಬರಲ್ಲೂ ಅರ್ಧವೇ ಇದೆ.

ಬರೆದದ್ದನ್ನು ನಾನೇ ಓದಿ ನೋಡಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಭದ್ರಾವತಿ
ದಿನಾಂಕ: 14-11-2025
ಸಹಿ: ದಾಕ್ಷಾಯಣಿ