ಕರ್ನಲ್ಲರ ಬೂದು ಸೂಟು

...ಅಯ್ಯೋ, ನಗಬೇಡಿ ಸಾಹೇಬ್ರೆ! ನಕ್ಕರೆ ಸೊಂಟದ ಅಳತೆ ಎರಡಿಂಚು ಹೆಚ್ಚಾಗುತ್ತೆ. ಕೈ ಮೇಲೆತ್ತಿ. ಹೂಂ... ಹಾಗೇ. ರಾಯಭಾರ ಕಚೇರಿ ಸೆಕ್ರೆಟರಿ ಅಂತೀರಿ, ನಾಲ್ಕು ತಿಂಗಳಲ್ಲಿ ಇದು ಐದನೇ ಪ್ಯಾಂಟು! ನನ್ನ ಹೆಂಡತಿ ಕೇಳ್ತಾಳೆ, "ಎವರಿಸ್ತೊ, ಆ ಮಹರಾಯರಿಗೆ ಎಷ್ಟು ಕಾಲು?" ಅಂತ.

ಸುದ್ದಿನಾ? ಇರಿ, ಹೇಳ್ತೀನಿ. ನಿನ್ನೆ ಚೌಕದಲ್ಲಿ "ಯುದ್ಧ! ಯುದ್ಧ!" ಅಂತ ಗಂಟಲು ಹರ್ಕೊಂಡ್ರಲ್ಲ, ಆ ಡೊಳ್ಳುಹೊಟ್ಟೆ ಜನರಲ್ಲು... ಇವತ್ತು ಬೆಳಿಗ್ಗೆ ಇಲ್ಲೇ, ನೀವು ನಿಂತಿರೋ ಜಾಗದಲ್ಲೇ ನಿಂತು, "ಮೂರು ಸಿಪಾಯಿಗೆ ಎರಡು ಜೊತೆ ಬೂಟು ಕಣಯ್ಯಾ" ಅಂತ ಅತ್ಕೊಂಡ್ರು. ನಾನಂದೆ, "ಚಿಂತೆ ಬಿಡಿ ಸ್ವಾಮಿ, ವಾಪಸ್ ಓಡಿ ಬರುವಾಗ ಮೂರನೆಯವನನ್ನ ಹೊತ್ಕೊಂಡು ಬರ್ತಾರೆ!" ಯುದ್ಧ ಬೇಕೇ ಬೇಕು ಅನ್ನೋ ನಮ್ಮ ಸರ್ವಾಧಿಕಾರಿ ಮುಂದೆ ಮಾತ್ರ ಎಲ್ಲ ಸರಿ ಇದೆ, ಎಲ್ಲ ಸಿದ್ಧ ಇದೆ. ಮಂತ್ರಿಗಳು ಜನರಲ್ಲುಗಳ ಮುಖ ನೋಡ್ತಾರೆ, ಜನರಲ್ಲುಗಳು ರಾಜರ ಮುಖ ನೋಡ್ತಾರೆ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು?

ಏನು, ಪೆನ್ಸಿಲ್ಲಾ? ಕೈ ಮೇಲೆ ಅಂದೆ! "ನಂಬಲರ್ಹ ಮೂಲಗಳಿಂದ ತಿಳಿದುಬಂದಿದೆ" ಅಂತ ತಾನೇ ಬರೆಯೋದು? ಆ ಮೂಲ ಸದ್ಯ ಮೊಣಕಾಲೂರಿ ನಿಮ್ಮ ಪ್ಯಾಂಟು ಮಡಚ್ತಾ ಇದೆ ಅಂತಲೂ ಬರೀರಿ.

ಯಾರು? ...ಓ, ಕರ್ನಲ್ ಬೆರ್ತಾಕ್ಕಿ ಅವರಾ? ಇಲ್ಲ... ಬಂದಿಲ್ಲ. ಅಗೋ, ಆ ಬೂದು ಸೂಟು ಅವರದ್ದೇ. "ಈ ಯುದ್ಧ ನಮ್ಮ ಕೈಲಾಗಲ್ಲ ಅಂತ ರಾಜರಿಗೆ ಬರೆದುಕೊಟ್ಟು, ಸಮವಸ್ತ್ರ ಕಳಚಿ ಇದನ್ನ ಹಾಕ್ಕೋತೀನಿ" ಅಂತ ಹೊಲಿಸಿದ್ದು, ಅವತ್ತೇ ನಿಮ್ಮ ಕಿವಿಗೆ ಹಾಕಿದ್ನಲ್ಲ. ಪಾಪ. ಶುಕ್ರವಾರ ಪೊಲೀಸರು ಹಿಡ್ಕೊಂಡು ಹೋದ್ರಂತೆ. ಗಡೀಪಾರು, ಯಾವುದೋ ದ್ವೀಪಕ್ಕೆ.

ನನ್ನ ಕೇಳಿದ್ರೆ... ಬೇಜಾರು ಮಾಡ್ಕೋಬೇಡಿ, ತಪ್ಪು ನಿಮ್ಮದೇ. ನಿಮ್ಮ ಕಚೇರಿ ಕಸ ಗುಡಿಸೋನೂ ಪೊಲೀಸರ ಸಂಬಳ ತಿಂತಾನೆ ಸಾಹೇಬ್ರೆ! ನಿಮ್ಮ ವರದಿ ಕದ್ದು ಓದಿರ್ತಾರೆ. ಅದರಲ್ಲಿ ಅವರ ಹೆಸರು...

ಯಾಕೆ ತಲೆ ಅಲ್ಲಾಡಿಸ್ತೀರಿ?

ಬರೆದೇ ಇಲ್ವಾ? ಹುದ್ದೆನೂ? ಬರೀ "ಒಬ್ಬರು" ಅಂತ...? ಹೋಗ್ಲಿ, ಎಲ್ಲೋ ಊಟದ ಹೊತ್ತಲ್ಲಿ, ಒಂದು ಲೋಟ ವೈನ್ ಹೆಚ್ಚಾಗಿ ಬಾಯಿ ಜಾರಿರುತ್ತೆ... ಇಲ್ವಾ. ನಿಮ್ಮ ರಾಯಭಾರಿಗೂ ಹೇಳಿಲ್ವಾ.

ಹಾಗೆ ನೋಡಬೇಡಿ. ಬೈಯಿರಿ ಬೇಕಾದ್ರೆ...

ಟೋಪಿ ಯಾಕೆ ತಗೋತೀರಿ ಸಾಹೇಬ್ರೆ?

...ಗುರುವಾರ ಇಬ್ಬರು ಬಂದಿದ್ರು. ಕೂಗಾಡಲಿಲ್ಲ, ಹೊಡೀಲಿಲ್ಲ. ಕುರ್ಚಿ ಎಳ್ಕೊಂಡು ಕೂತು, "ನಿನ್ನ ಅಂಗಡಿಯಿಂದ ಸುದ್ದಿ ಹೊರಗೆ ಹೋಗ್ತಿದೆ. ಒಂದು ಹೆಸರು ಕೊಡು. ಒಂದೇ ಸಾಕು" ಅಂದ್ರು. ನನ್ನ ಹತ್ರ ಇದ್ದದ್ದು ಎರಡು, ಕರ್ನಲ್ಲರದು, ನಿಮ್ಮದು. ನಿಮ್ಮದು ಕೊಟ್ಟಿದ್ರೆ ಏನಾಗ್ತಿತ್ತು? ರೈಲು ಹತ್ತಿಸಿ ನಿಮ್ಮೂರಿಗೆ ಕಳಿಸ್ತಿದ್ರು, ಅಷ್ಟೇ. ಅದು ನನಗೆ ಗೊತ್ತಿತ್ತು. ಚೆನ್ನಾಗೇ ಗೊತ್ತಿತ್ತು...

ಆದರೆ ನಿಮ್ಮ ಹೆಸರು ಹೇಳಿದ್ರೆ, ನಿಮಗೆ ಸುದ್ದಿ ಕೊಟ್ಟೋನು ಯಾರು ಅಂತ ಕೇಳ್ತಿದ್ರಲ್ಲ.