ಒಂದೇ ಕಂಪ್ಯೂಟರಿನಲ್ಲಿ ಎರಡು ಪೈಥಾನ್

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅತ್ತೆ-ಸೊಸೆ ಕೂತಿದ್ದರು. ಅತ್ತೆಯ ಮಡಿಲಲ್ಲಿ ಕಸೂತಿ ಹಾಕಿದ ಶಾಲೆ ಬ್ಯಾಡ್ಜುಗಳ ದೊಡ್ಡ ಚೀಲ.

“ಇವತ್ತು ಹೇಳಿದ ಹೊತ್ತಿಗೆ ಇವನ್ನ ತಲುಪಿಸ್ತಿದ್ದೀನಿ ಅಂದ್ರೆ ನಿನ್ನಿಂದ ಕಣಮ್ಮ.”

“ಅದಿರಲಿ ಅತ್ತೆ, ಕಂಪ್ಯೂಟರಿಂದ ಹಳೇ ಪೈಥಾನ್ ಸಾಫ್ಟ್‌ವೇರ್ ಯಾಕೆ ತೆಗೆದ್ರಿ?”

“ಹಳೇ ವರ್ಷನ್ನು ಹೊಸ ವರ್ಷನ್ನು ಕಿತ್ತಾಡ್ತಿವೆ, ಬರೆದ ಪ್ರೋಗ್ರಾಮ್ ಓಡ್ತಿಲ್ಲ ಅಂತ ನೀನೇ ತಲೆ ಚಚ್ಚಿಕೊಳ್ತಿದ್ದೆ.”

“ನಿಮ್ಮ ಕಸೂತಿ ಮಷಿನ್ ನಡೆಯೋದೇ ಆ ಹಳೇದರಿಂದ!”

“ಗೊತ್ತಿತ್ತು. ಸೂಜಿ ದಾರ ಕೈಲಿದ್ರೆ ನಾನು ಹೇಗೋ ಮಾಡ್ಕೋತೀನಿ. ನಿನ್ನ ಕೆಲಸ ನಿಲ್ಲಬಾರದು ಅನ್ನಿಸ್ತು.”

ಸೊಸೆ ಚೀಲದೊಳಗೆ ಇಣುಕಿದಳು.

“ಅಷ್ಟು ಬ್ಯಾಡ್ಜು ಕೈಯಲ್ಲೇ ಹೊಲೀತಿದ್ರಾ?”

“ಕಣ್ಣು ಹೋಗ್ತಿತ್ತೇನೋ. ಅದ್ಸರಿ, ಆ ಜಗಳ ಹೇಗೆ ಬಿಡಿಸ್ದೆ?”

“ಹಳೇದನ್ನ ಮತ್ತೆ ಹಾಕಿ, ಕಂಪ್ಯೂಟರೊಳಗೇ ಎರಡಕ್ಕೂ ಬೇರೆ ಬೇರೆ ಕೋಣೆ ಥರ ಮಾಡಿಕೊಟ್ಟೆ. ಇನ್ಮೇಲೆ ಒಂದರ ಸಾಮಾನು ಇನ್ನೊಂದು ಮುಟ್ಟಲ್ಲ.”

“ಬದುಕಿಸಿದೆ ನನ್ನವ್ವ.”

“ನೀವು ನನಗೋಸ್ಕರ ಅದನ್ನ ತೆಗೆದ್ರಲ್ಲ ಅತ್ತೆ...”

“ಸಾಕು, ಏಳು, ಸ್ಟಾಪ್ ಬಂತು.”

“ಚೀಲ ಕೊಡಿ, ನಾನು ಹಿಡ್ಕೋತೀನಿ.”

“ಒಂದರ ಸಾಮಾನು ಇನ್ನೊಂದು ಮುಟ್ಟಲ್ಲ ಅಂದ್ಯಲ್ಲ?”

“ಅದು ಕಂಪ್ಯೂಟರಲ್ಲಿ!”

ಚೀಲದ ಒಂದು ಹಿಡಿಕೆಯನ್ನು ಅತ್ತೆ, ಇನ್ನೊಂದನ್ನು ಸೊಸೆ ಹಿಡಿದುಕೊಂಡು ಇಳಿದರು.