ಟೋಕನ್ 417ರ ಎರಡು ಮಾಸ್ಕ್

ಹೇಳಿಕೆ ನೀಡುವವರು: ಶಬ್ಬೀರಸಾಬ ತಂದೆ ಹುಸೇನಸಾಬ ನದಾಫ್, ವಯಸ್ಸು 61 ವರ್ಷ, ಉದ್ಯೋಗ: ಕಬ್ಬಿಣ ಕಾರ್ಖಾನೆಯ ನಿವೃತ್ತ ಸ್ಟೋರ್ ಕೀಪರ್, ಮೂಲ ಊರು ಅಳವಂಡಿ, ಸದ್ಯ ವಾಸ ಗಿಣಿಗೇರಾ, ತಾ. ಜಿ. ಕೊಪ್ಪಳ.

ಮೇಲೆ ನಮೂದಿಸಿದ ನಾನು ಯಾರೂ ಕರೆಸದಿದ್ದರೂ ದಿನಾಂಕ 11-02-2025ರಂದು ಬೆಳಿಗ್ಗೆ 11-20 ಗಂಟೆಗೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಕಾರ್ಖಾನೆಯ ಗೇಟಿನಲ್ಲಿ ಗುತ್ತಿಗೆ ಕಾರ್ಮಿಕಳಾದ ಹುಲಿಗವ್ವಳ ಬುತ್ತಿ ಚೀಲದಲ್ಲಿ ಸಿಕ್ಕ ರಬ್ಬರಿನ ಮಾಸ್ಕ್ ಕಳುವಿನ ಮಾಲು ಅಲ್ಲ. ಅದನ್ನು ಆಕೆಗೆ ಕೊಟ್ಟವನು ನಾನು. ಅದರ ಪಟ್ಟಿಯ ಮೇಲೆ 417 ಎಂದು ಬರೆದವನೂ ನಾನೇ. ಕಾರ್ಖಾನೆಯ ಹೆಸರು ದೂರಿನಲ್ಲಿ ಇರುವುದರಿಂದ ಇಲ್ಲಿ ಮತ್ತೆ ಬರೆಯಿಸಿಲ್ಲ.

ನನ್ನ ತಂದೆ ಅಳವಂಡಿಯಲ್ಲಿ ಅರಳೆ ಹಿಂಜಿ ಗಾದಿ ತುಂಬುವ ಕೆಲಸ ಮಾಡುತ್ತಿದ್ದರು. ಹಿಂಜುವ ಬಿಲ್ಲು ಮೀಟಿದರೆ ಸಾಕು, ಮನೆ ತುಂಬ ಧೂಳು. ಮೂಗು ಬಾಯಿಗೆ ಬಿಳಿ ವಸ್ತ್ರ ಕಟ್ಟಿಕೊಳ್ಳುತ್ತಿದ್ದರು. ಸಂಜೆ ಆರಕ್ಕೆ ವಸ್ತ್ರ ಬಿಚ್ಚಿದರೆ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿರುತ್ತಿದ್ದವು. ನಾವು ಮಕ್ಕಳು ಅಜ್ಜ ಬಂದ, ಅಜ್ಜ ಬಂದ ಎಂದು ಕೂಗುತ್ತಿದ್ದೆವು. ಅವರೂ ನಡು ಬಗ್ಗಿಸಿ, ಇಲ್ಲದ ಕೋಲು ಊರಿ, ಅಂಗಳದಲ್ಲಿ ಒಂದು ಸುತ್ತು ನಡೆದು ತೋರಿಸುತ್ತಿದ್ದರು. ನಿಜವಾಗಿ ಅಜ್ಜ ಆಗುವಷ್ಟು ದಿನ ಅವರು ಬಾಳಲಿಲ್ಲ. 1985ರಲ್ಲಿ, ತಮ್ಮ 51ನೇ ವಯಸ್ಸಿನಲ್ಲಿ, ಕೆಮ್ಮಿ ಕೆಮ್ಮಿ ತೀರಿಕೊಂಡರು. ಬರೆದುಕೊಳ್ಳುತ್ತಿರುವ ಹೆಡ್ ಕಾನ್ಸ್‌ಟೇಬಲ್ ಮರಿಸ್ವಾಮಿ ಅವರು ಇದು ಪ್ರಕರಣಕ್ಕೆ ಬೇಕೇ ಎಂದು ಕೇಳಿದರು. ಬೇಕು ಎಂದು ಹೇಳಿದೆ. ಬರೆದುಕೊಂಡಿದ್ದಾರೆ.

ನಾನು 03-03-1997ರಂದು ಕಾರ್ಖಾನೆಯ ಸ್ಟೋರಿಗೆ ಸೇರಿದೆ. ಸ್ಟೋರಿನ ಕಿಟಕಿಯಿಂದ ಗೇಟಿಗೆ 340 ಮೀಟರ್. ನಾನೇ ಟೇಪ್ ಹಿಡಿದು ಅಳೆದದ್ದು. ಮೊದಮೊದಲು ಎಲ್ಲರಿಗೂ ಒದ್ದೆ ಟವಲ್ಲೇ ಮಾಸ್ಕ್. ಆಮೇಲೆ ರಬ್ಬರಿನ ಮಾಸ್ಕ್ ಬಂದವು. ಮೂಗು, ಬಾಯಿ, ಗದ್ದ ಮುಚ್ಚುವಂಥವು, ಎರಡೂ ಬದಿಗೆ ಫಿಲ್ಟರ್. ಬಂದದ್ದೆಲ್ಲ ಒಂದೇ ಅಳತೆ, ದೊಡ್ಡದು. ಅದು ಮುಖಕ್ಕೆ ಹೊಂದಿದೆಯೋ ಇಲ್ಲವೋ ಎಂದು ನೋಡುವ ಕ್ರಮ ಹೀಗೆ: ಎರಡೂ ಫಿಲ್ಟರನ್ನು ಅಂಗೈಯಿಂದ ಮುಚ್ಚಿ ಉಸಿರು ಒಳಗೆ ಎಳೆಯಬೇಕು. ರಬ್ಬರು ಕೆನ್ನೆಗೆ ಅಂಟಿಕೊಂಡು ನಿಂತರೆ ಹೊಂದಿದೆ. ಮೂಗಿನ ಪಕ್ಕದಿಂದ ಗಾಳಿ ನುಗ್ಗಿದರೆ ಇಲ್ಲ. ಈ ಪರೀಕ್ಷೆ ಮಾಡಿಸಿ ಮಾಡಿಸಿ ನನಗೆ ಒಂದು ಚಟ ಅಂಟಿತು. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಎದುರಿನವರ ಮೂಗು ಗದ್ದ ಅಳೆಯುತ್ತೇನೆ. ಮಂದಿ ಮಾರಿ ಹಂಗ ನೋಡಬ್ಯಾಡ್ರಿ, ಬೈತಾರ ಎಂದು ಹೆಂಡತಿ ರಜಿಯಾಬೇಗಂ ಇಂದಿಗೂ ಮೊಣಕೈಯಿಂದ ತಿವಿಯುತ್ತಾಳೆ.

1999ರಲ್ಲಿ ನಮ್ಮ ಅಳವಂಡಿಯವನೇ ಆದ ಅಂದಪ್ಪ ಕಲ್ಲಿದ್ದಲು ಪುಡಿ ಮಾಡುವ ವಿಭಾಗಕ್ಕೆ ಸೇರಿದ. ಟೋಕನ್ ನಂಬರ್ 417. ಅವನದು ಸಣ್ಣ ಮುಖ, ಒಳಗೆ ಹೋದ ಕೆನ್ನೆ, ಚೂಪು ಗದ್ದ. ದಿನಾಂಕ 14-06-2004ರಂದು ಅವನಿಗೆ ಮಾಸ್ಕ್ ಕೊಟ್ಟೆ. ಮೂರು ಸಲ ಪರೀಕ್ಷೆ ಮಾಡಿಸಿದೆ, ಮೂರೂ ಸಲ ಗಾಳಿ ನುಗ್ಗಿತು. ಕರ್ಚೀಫು ಮಡಿಸಿ ಮೂಗಿನ ಮೇಲೆ ಇಟ್ಟು ನೋಡಿದೆವು. ಸೈಕಲ್ ಟ್ಯೂಬ್ ಕತ್ತರಿಸಿ ಪಟ್ಟಿ ಬಿಗಿ ಮಾಡಿದೆವು. ಅವನು ಬಿದ್ದು ಬಿದ್ದು ನಕ್ಕು, ಶಬ್ಬೀರ, ಇದನ್ನ ನನ್ನ ಮಾರಿಗೆ ಮಾಡಿಲ್ಲೋ, ನಮ್ಮ ಎತ್ತಿನ ಮಾರಿಗೆ ಮಾಡ್ಯಾರ ಎಂದು ಹೇಳಿದ.

ಮಧ್ಯಾಹ್ನ 1 ಗಂಟೆಗೆ ನಾವಿಬ್ಬರೂ ಸ್ಟೋರಿನ ಹಿಂದಿನ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚುತ್ತಿದ್ದೆವು. ಅವನ ಬುತ್ತಿಯಲ್ಲಿ ಕಟಕ ರೊಟ್ಟಿ, ಪುಂಡಿಪಲ್ಯ, ಅಗಸಿ ಚಟ್ನಿ. ಅವನ ಹೆಂಡತಿ ಕಳಕಮ್ಮ ನನ್ನ ಲೆಕ್ಕಕ್ಕೆಂದೇ ಎರಡು ರೊಟ್ಟಿ ಹೆಚ್ಚಿಗೆ ಕಟ್ಟುತ್ತಿದ್ದಳು. ಅವನು ಬಾಯಿ ಮುಕ್ಕಳಿಸಿ ಉಗುಳಿದ ನೀರು ಕರ್ರಗೆ ಇರುತ್ತಿತ್ತು. ನಾನು ಸಣ್ಣ ಅಳತೆಯ ಮಾಸ್ಕ್ ಬೇಕೆಂದು ಮೂರು ಸಲ ಬರೆದು ಕಳಿಸಿದೆ. ಮೂರು ಸಲವೂ, ಅಂಥ ವಸ್ತು ಖರೀದಿ ಪಟ್ಟಿಯಲ್ಲಿಲ್ಲ ಎಂದು ಕಾಗದ ವಾಪಸ್ ಬಂತು. ನೀನು ನೌಕರಿ ಬಿಡೂದ್ರಾಗ ತರಿಸಿಕೊಡ್ತೀನಿ ನೋಡು ಎಂದು ಅವನಿಗೆ ಮಾತು ಕೊಟ್ಟಿದ್ದೆ. ಆ ದಿನಗಳು ಛಲೋ ಇದ್ದವು. ಈಗ ಆ ಬೇವಿನ ಗಿಡ ಇಲ್ಲ, ಅಲ್ಲಿ ಲಾರಿ ತೂಗುವ ಕಾಟಾ ಇದೆ.

ಅಂದಪ್ಪ 2012ರಲ್ಲಿ ಮೈಯಲ್ಲಿ ಆಗದೆ ನೌಕರಿ ಬಿಟ್ಟ. 30-07-2013ರಂದು ತೀರಿಕೊಂಡ. ಯಾವ ಕಾರಣ ಎಂದು ನಾನು ಹೇಳುವುದಿಲ್ಲ, ನಾನು ಡಾಕ್ಟರ್ ಅಲ್ಲ. ಮಣ್ಣಿಗೆ ಹೋಗಿ ಬಂದೆ.

ಅದರ ಮುಂದಿನ ತಿಂಗಳು ಕುಷ್ಟಗಿಯ ಶಾಂಭವಿ ಎಂಬುವರು ಲ್ಯಾಬಿಗೆ ಅಧಿಕಾರಿಯಾಗಿ ಬಂದರು. ಅವರ ಹತ್ತಿರ ಹಿಂದಿನ ನೌಕರಿಯಲ್ಲಿ ತಾವೇ ತರಿಸಿಕೊಂಡ ಸ್ವಂತ ಮಾಸ್ಕ್ ಇತ್ತು. ಸಣ್ಣ ಅಳತೆಯದು. ಅದನ್ನು ಅವರು ಕೈಗೆ ಕೊಟ್ಟು ತೋರಿಸಿದಾಗ ನನಗೆ ಅಂದಪ್ಪನ ಗದ್ದವೇ ಕಣ್ಣ ಮುಂದೆ ಬಂತು. 30-09-2014ರಂದು ಅವರು ಕೆಲಸ ಬಿಟ್ಟು ಹೋಗುವಾಗ ಕಿಟಕಿಗೆ ಬಂದು, ಇದು ಯಾರ ಮಾರಿಗೆ ಹೊಂದ್ತೈತೋ ಅವ್ರಿಗೆ ಕೊಡ್ರಿ ಶಬ್ಬೀರಣ್ಣ ಎಂದು ಕೊಟ್ಟರು. ಅಂದಪ್ಪನಿಗೆ ಒಂದು ವರ್ಷ ಎರಡು ತಿಂಗಳು ತಡವಾಗಿತ್ತು.

ಅಂದು ನಾನು ಒಂದು ತಪ್ಪು ಮಾಡಿದೆ. ಸ್ಟೋರಿನಲ್ಲಿ ಯಾವ ವಸ್ತು ಕೈಗೆ ಬಂದರೂ ಹಳದಿ ಬಣ್ಣದಿಂದ ನಂಬರ್ ಹಾಕುವುದು ನನ್ನ ರೂಢಿ. ಇದಕ್ಕೂ ಬ್ರಷ್ ಎತ್ತಿದೆ. ಇದು ಕಾರ್ಖಾನೆಯ ಮಾಲಲ್ಲ, ರಜಿಸ್ಟರಿನಲ್ಲಿ ಇದಕ್ಕೆ ನಂಬರಿಲ್ಲ. ಆದರೆ ಇದು ಯಾರಿಗೆ ಸೇರಬೇಕಾಗಿತ್ತು ಎಂದು ನನಗೆ ಗೊತ್ತಿತ್ತು. 417 ಎಂದು ಬರೆದೆ. ಬರೆದು ಕಿಟಕಿ ಮುಚ್ಚಿದೆ. ನನಗೆ ಅಳು ಬಂದಿತ್ತು.

ಆ ಮಾಸ್ಕನ್ನು ಬಿಸಿಲು ತಾಗದ ಹಾಗೆ ಬಿಸ್ಕೀಟಿನ ಡಬ್ಬಿಯಲ್ಲಿ ಇಟ್ಟೆ. ಎಂಟೂವರೆ ವರ್ಷಗಳಲ್ಲಿ 23 ಜನರ ಮುಖಕ್ಕೆ ಹಾಕಿಸಿ ನೋಡಿದೆ. ಯಾರಿಗೂ ಸರಿಯಾಗಿ ಕೂಡಲಿಲ್ಲ. ನಡುವೆ ಕೊರೋನಾ ಬಂದು ಊರಿಗೆ ಊರೇ ಮಾಸ್ಕ್ ಹಾಕಿತು. ಗದ್ದಕ್ಕೆ ಹಾಕಿದವರು, ಒಂದು ಕಿವಿಗೆ ನೇತುಹಾಕಿದವರು, ಬೀಡಿ ಸೇದಲು ನಡುವೆ ತೂತು ಮಾಡಿಕೊಂಡವರು, ಎಲ್ಲರನ್ನೂ ಕಂಡೆ. ಎಲ್ಲರಿಗೂ ಬುದ್ಧಿ ಹೇಳಲು ಹೋಗಿ ಎಲ್ಲರಿಂದಲೂ ಬೈಸಿಕೊಂಡೆ.

ದಿನಾಂಕ 18-04-2023ರಂದು ಹುಲಿಗವ್ವ, ವಯಸ್ಸು ಆಗ 32, ಕನ್ವೇಯರ್ ಬೆಲ್ಟಿನ ಕೆಳಗೆ ಬಿದ್ದ ಪುಡಿ ಗುಡಿಸುವ ಕೆಲಸಕ್ಕೆ ಸೇರಿದಳು. ಸೆರಗನ್ನೇ ಮೂಗಿಗೆ ಕಟ್ಟಿಕೊಂಡು ಪೊರಕೆ ಕೇಳಲು ಕಿಟಕಿಗೆ ಬಂದಳು. ಸೆರಗು ತಗಿಯವ್ವ, ಮಾರಿ ನೋಡ್ತೀನಿ ಎಂದೆ. ಆಕೆ ಹೆದರಿ ಎರಡು ಹೆಜ್ಜೆ ಹಿಂದೆ ಸರಿದಳು. ತಪ್ಪು ತಿಳಕೋಬ್ಯಾಡ ಎಂದು ಡಬ್ಬಿ ತೆಗೆದು ಮಾಸ್ಕ್ ತೋರಿಸಿದೆ. ಹಾಕಿಕೊಂಡಳು. ಅಂಗೈ ಮುಚ್ಚಿ ಉಸಿರೆಳೆಯಲು ಹೇಳಿದೆ. ರಬ್ಬರು ಕೆನ್ನೆಗೆ ಅಂಟಿ ನಿಂತಿತು. ಹತ್ತು ಎಣಿಸಿದೆ, ಬಿಡಲಿಲ್ಲ. ನನ್ನ 26 ವರ್ಷದ ನೌಕರಿಯಲ್ಲಿ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಮರುದಿನ 1-30ಕ್ಕೆ ಆಕೆ ಬುತ್ತಿ ಡಬ್ಬಿ ಹಿಡಿದುಕೊಂಡೇ ಕಿಟಕಿಗೆ ಬಂದು, ಚಾಚಾ, ಇವತ್ತು ರೊಟ್ಟಿ ಬರೇ ರೊಟ್ಟಿ ರುಚಿ ಐತ್ರಿ ಎಂದು ಹೇಳಿದಳು. ಫಿಲ್ಟರ್‌ಗಳನ್ನು ಮಾತ್ರ ಸ್ಟೋರಿನಿಂದ ಆಕೆಯ ಸಹಿ ಪಡೆದು ಕೊಟ್ಟಿದ್ದೇನೆ. ಮಾಸ್ಕನ್ನು ದಿನಾ ಮನೆಗೆ ಒಯ್ದು ತೊಳೆಯಲು ಹೇಳಿದವನೂ ನಾನೇ. ಆದರೆ ಅದು ಆಕೆಯದು ಎಂದು ಒಂದು ಚೀಟಿ ಬರೆದುಕೊಡಲಿಲ್ಲ. 31-01-2024ರಂದು ನಿವೃತ್ತನಾದೆ.

ನಿನ್ನೆ ದಿನಾಂಕ 10-02-2025, ಸೋಮವಾರ, ಮಧ್ಯಾಹ್ನ 2-10ಕ್ಕೆ ಪಾಳಿ ಮುಗಿಸಿ ಹೊರಗೆ ಬರುವಾಗ ಸೆಕ್ಯುರಿಟಿ ಸೂಪರ್‌ವೈಸರ್ ರುದ್ರೇಶ ಅವರು ಹುಲಿಗವ್ವಳ ಚೀಲ ತಪಾಸಣೆ ಮಾಡಿದರು. ಮಾಸ್ಕಿನ ಮೇಲೆ 417 ಕಂಡು ರಜಿಸ್ಟರ್ ತೆಗೆಸಿದರು. 417ಕ್ಕೆ 2004ರಲ್ಲಿ ಕೊಟ್ಟ ಮಾಸ್ಕ್ ವಾಪಸ್ ಬಂದಿಲ್ಲ ಎಂದು ಅದರಲ್ಲಿದೆ. ಅವರು ಮಾಸ್ಕನ್ನು ಹಿಡಿದಿಟ್ಟು ಠಾಣೆಗೆ ಒಪ್ಪಿಸಿ ದೂರು ಕೊಟ್ಟರು. ಅವರ ಕೆಲಸ ಅವರು ಮಾಡಿದ್ದಾರೆ, ನಾನು ತಪ್ಪು ಹೇಳುವುದಿಲ್ಲ. 3-30ಕ್ಕೆ ಹುಲಿಗವ್ವ ನಮ್ಮ ಮನೆಗೆ ಬಂದು ಹೊಸ್ತಿಲ ಹೊರಗೇ ಕೂತಳು. ಒಳಗೆ ಕರೆದರೂ ಬರಲಿಲ್ಲ. ಕೂಲಿ ಹೋದ್ರ ಇನ್ನೊಂದು ಹುಡುಕ್ಕೋತೀನ್ರಿ ಚಾಚಾ, ಕಳ್ಳಿ ಅಂದದ್ದನ್ನ ಎಲ್ಲಿ ತೊಳಕೊಳ್ಳಲಿ ಎಂದು ಕೇಳಿದಳು. 

ಅಂದಪ್ಪನಿಗೆ ಕೊಟ್ಟ ಮಾಸ್ಕ್ ಹುಡುಕಲೆಂದು ಇಂದು ಬೆಳಿಗ್ಗೆ 7 ಗಂಟೆಯ ಬಸ್ಸಿಗೆ ಹೊರಟು ಕೊಪ್ಪಳದ ಮೇಲೆ ಹಾಯ್ದು 8-40ಕ್ಕೆ ಅಳವಂಡಿ ಮುಟ್ಟಿದೆ. ಕಳಕಮ್ಮನ ಮನೆಯಲ್ಲಿ ಅಂದಪ್ಪನ ಫೋಟೋದ ಪಕ್ಕದ ಮೊಳೆಗೆ ಅವನ ಮಾಸ್ಕ್ ಇನ್ನೂ ತೂಗುತ್ತಿತ್ತು. ದೊಡ್ಡ ಅಳತೆಯದು, ಸೈಕಲ್ ಟ್ಯೂಬಿನ ಪಟ್ಟಿ, ಮೇಲೆ ಮಾಸಿದ 417. ನಡೆದದ್ದನ್ನು ಹೇಳಿದೆ. ಕಳಕಮ್ಮ ಅದನ್ನು ಸೆರಗಿನಿಂದ ಒರೆಸುತ್ತ, ಅವ್ರು ಇದನ್ನ ಹಾಕ್ಕೊಂಡದ್ದು ನಾ ಒಂದ ದಿನಾನೂ ನೋಡಿಲ್ಲಲ್ರಿ ಎಂದಳು. ಅದು ಅವನಿಗೆ ಹೊಂದಲಿಲ್ಲವ್ವ ಎಂದೆ. ಹಂಗಾದ್ರ ಇಷ್ಟು ವರ್ಸ ನಾ ಯಾರ ಮಾರೀದನ್ನ ಕಾಯ್ಕೊಂಡು ಕುಂತಿದ್ನಿ ಎಂದು ಕೇಳಿದಳು. ಆಮೇಲೆ ತಾನೇ ಮೊಳೆಯಿಂದ ತೆಗೆದು ಕೈಗೆ ಕೊಟ್ಟು, ಒಯ್ರಿ, ಆ ಹುಡುಗಿ ಹೆಸರು ಉಳೀಲಿ ಎಂದಳು. 9-30ರ ಬಸ್ಸಿಗೆ ವಾಪಸ್ ಹೊರಟೆ.

ಠಾಣೆಯಲ್ಲಿ ಎರಡೂ ಮಾಸ್ಕನ್ನು ಮೇಜಿನ ಮೇಲೆ ಇಟ್ಟೆವು. ವಿಚಾರಣೆಗೆ ಕರೆಸಿದ್ದ ಹುಲಿಗವ್ವ ಗೋಡೆಗೆ ಒರಗಿ ನಿಂತಿದ್ದಳು. ದೂರುದಾರರಾಗಿ ಬಂದಿದ್ದ ರುದ್ರೇಶ ಅವರು ತಾವು ತಂದಿದ್ದ ರಜಿಸ್ಟರ್ ತೆರೆದು ಗೌರವದಿಂದಲೇ ಒಂದು ಪ್ರಶ್ನೆ ಕೇಳಿದರು. ಅಂದಪ್ಪನ ಮುಖ ಸಣ್ಣದು ಎಂದು ನೀವೇ ಹೇಳುತ್ತೀರಿ, ಅವನಿಗೆ ಕೊಟ್ಟ ಮಾಸ್ಕ್ ಪರೀಕ್ಷೆ ಮಾಡಿ ನೋಡಲಾಗಿದೆ, ಸರಿಯಾಗಿ ಹೊಂದಿದೆ ಎಂದು ಇಲ್ಲಿ ಬರೆದಿದೆ, ಹಾಗಿದ್ದರೆ ಕಾರ್ಖಾನೆಯ ಮಾಸ್ಕ್ ಈ ಸಣ್ಣದೇ ಆಗಬೇಕಲ್ಲವೇ ಎಂದು ಕೇಳಿದರು. ಅಕ್ಷರ ನನ್ನದು, ಸಹಿ ನನ್ನದು.

ಇದನ್ನು ನಾನು ಮೇಲೆ 2004ರ ಮಾತು ಬಂದಾಗಲೇ ಹೇಳಬೇಕಾಗಿತ್ತು. ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ಆ ವಾರ ಸುರಕ್ಷತೆಯ ತಪಾಸಣೆಗೆ ಮೇಲಿನವರು ಬರುವವರಿದ್ದರು. ಹೊಂದಿಲ್ಲ ಎಂದು ಬರೆದರೆ ಅಂದಪ್ಪನನ್ನು ಆ ವಿಭಾಗದಿಂದ ತೆಗೆಯಬೇಕು. ಬೇರೆ ವಿಭಾಗದಲ್ಲಿ ಜಾಗ ಇರಲಿಲ್ಲ, ಅವನ ನೌಕರಿ ಹೋಗುತ್ತಿತ್ತು. ಬರಿಯೋ ಶಬ್ಬೀರ, ಆಮೇಲೆ ಸಣ್ಣದು ಬರ್ತೈತಲ್ಲ ಎಂದು ಅವನೇ ಅಂದ. ನಾನು ಸರಿಯಾಗಿ ಹೊಂದಿದೆ ಎಂದು ಬರೆದೆ. ಆ ಬರಹದ ಮೇಲೆ ಅವನು ಎಂಟು ವರ್ಷ ಅಲ್ಲಿ ದುಡಿದ. 27 ವರ್ಷದಲ್ಲಿ ನಾನು ಬರೆದ ಸುಳ್ಳು ಅದೊಂದೇ. ಇದನ್ನು ಬರೆದುಕೊಂಡರೆ ನಿಮಗೇ ತೊಂದರೆ ಬರಬಹುದು, ನೋಡ್ರಿ ಎಂದು ಮರಿಸ್ವಾಮಿ ಅವರು ಪೆನ್ನು ನಿಲ್ಲಿಸಿ ಹೇಳಿದರು. ಬರೆದುಕೊಳ್ಳಿ ಎಂದೆ.

ನಂತರ 12-05ಕ್ಕೆ ಮರಿಸ್ವಾಮಿ ಅವರು ಹೇಳಿದ ಮೇಲೆ ಹುಲಿಗವ್ವ ಎಲ್ಲರ ಎದುರಿಗೆ ಸಣ್ಣ ಮಾಸ್ಕ್ ಹಾಕಿಕೊಂಡಳು. ಕಣ್ಣೀರು ಇಳಿಯುತ್ತಿತ್ತು. ಅಳಬ್ಯಾಡವ್ವ, ಕೆನ್ನಿ ಒದ್ದಿ ಆದ್ರ ರಬ್ಬರು ಜಾರ್ತೈತಿ ಎಂದೆ. ಆಕೆ ಅಂಗೈ ಮುಚ್ಚಿ ಉಸಿರೆಳೆದು ಹಿಡಿದಳು. ಜಾರಲಿಲ್ಲ. ರುದ್ರೇಶ ಅವರು ರಜಿಸ್ಟರ್ ಮುಚ್ಚಿ, ದೂರು ವಾಪಸ್ ತೆಗೆದುಕೊಳ್ಳುವುದಾಗಿ ತಿಳಿಸಿದರು.

ನನ್ನ ಕೋರಿಕೆ ಏನೆಂದರೆ, ನಾಳೆ ಬೆಳಿಗ್ಗೆ 6ರ ಪಾಳಿಯೊಳಗೆ ಸಣ್ಣ ಮಾಸ್ಕನ್ನು ಹುಲಿಗವ್ವಳಿಗೆ ಕೊಡಬೇಕು. ಅಲ್ಲಿಯತನಕ ಅದರ ಮೇಲೆ ಫೈಲು ಹೇರಬಾರದು, ರಬ್ಬರು ಸೊಟ್ಟಗಾಗುತ್ತದೆ. ದೊಡ್ಡ ಮಾಸ್ಕನ್ನು ಕಾರ್ಖಾನೆಗೆ ಜಮಾ ಮಾಡಬೇಕು. ಮತ್ತು ರಜಿಸ್ಟರಿನಲ್ಲಿ ಅಂದಪ್ಪನ ಹೆಸರಿನ ಮುಂದೆ ನಾನು ಬರೆದದ್ದನ್ನು ಹೊಡೆದುಹಾಕಿ, ಹೊಂದಲಿಲ್ಲ ಎಂದು ನನ್ನ ಕೈಯಿಂದಲೇ ಬರೆಯಲು ಅನುಮತಿ ಕೊಡಬೇಕು.

ಮೇಲಿನದೆಲ್ಲ ನಾನು ಹೇಳಿದ ಪ್ರಕಾರ ಬರೆದಿದ್ದು, ಎರಡು ಸಲ ಓದಿಸಿ ಕೇಳಿದ್ದೇನೆ. ಈ ಸಲ ನನ್ನ ಸಹಿಯ ಮೇಲೆ ಇರುವುದೆಲ್ಲ ನಿಜ.

ಸ್ಥಳ: ಕೊಪ್ಪಳ
ದಿನಾಂಕ: 11-02-2025, ಸಮಯ: ಮಧ್ಯಾಹ್ನ 12-40

ಸಹಿ
ಶಬ್ಬೀರಸಾಬ ಹುಸೇನಸಾಬ ನದಾಫ್